ಘಾಟಿ ತಿನ್ನುವ ಬ್ರೇಕ್ ಪ್ಯಾಡ್

ಬಣಕಲ್‌ನಿಂದ ಕಾರು ಹೊರಟರೆ ಎರಡು ದಿಕ್ಕು. ಮೂಡಿಗೆರೆ, ಬೇಲೂರಿನ ಕಡೆ ಹೋದರೆ ಏರು ತಗ್ಗು ಇದ್ದರೂ ಬ್ರೇಕಿಗೆ ಅಂಥ ದಂಡನೆಯಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿದರೆ ಕತೆ ಬೇರೆ. ರಾಷ್ಟ್ರೀಯ ಹೆದ್ದಾರಿ 73 ಅದೇ, ಕಾರೂ ಅದೇ. ಆದರೂ ವಾರವಾರ ಉಜಿರೆ, ಮಂಗಳೂರಿಗೆ ಇಳಿದು ಹತ್ತುವ ಗಾಡಿಯ ಪ್ಯಾಡ್ ಬೇಲೂರು ಕಡೆ ಓಡಾಡುವ ಗಾಡಿಯದ್ದಕ್ಕಿಂತ ಬಹಳ ಮೊದಲೇ ಸವೆದಿರುತ್ತದೆ.

ಮುಂದಿನ ಚಕ್ರದ ಪ್ಯಾಡ್ 30,000ದಿಂದ 70,000 ಕಿಲೋಮೀಟರ್ ಬರುತ್ತದೆ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಇಷ್ಟು ಅಗಲದ ಅಂದಾಜು ಕಟ್ಟಿಕೊಂಡು ಮಲೆನಾಡಿನವರು ಮಾಡುವುದೇನು? ಇಲ್ಲಿ ಮೀಟರ್ ನೋಡಿ ಪ್ರಯೋಜನವಿಲ್ಲ, ಘಾಟಿ ಎಷ್ಟು ಸಲ ಇಳಿದಿರಿ, ಎಷ್ಟು ಭಾರ ಹೊತ್ತು ಇಳಿದಿರಿ ಎಂಬುದೇ ಲೆಕ್ಕ. ಒಂದು ಟನ್ ತೂಕದ ಕಾರು ಏಳುನೂರು ಮೀಟರ್ ಎತ್ತರದಿಂದ ಇಳಿಯುವಾಗ ಹುಟ್ಟುವ ಶಕ್ತಿ ಸುಮಾರು 20 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಗಾಳಿ ಮತ್ತು ಎಂಜಿನ್ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದೆಲ್ಲ ಶಾಖವಾಗಿ ಡಿಸ್ಕ್ ಮತ್ತು ಪ್ಯಾಡಿನ ತಲೆಗೆ. ಎಂಜಿನ್ನಿಗೆ ಹೆಚ್ಚು ಪಾಲು ಕೊಟ್ಟಷ್ಟೂ ಪ್ಯಾಡ್ ಉಳಿಯುತ್ತದೆ.

ಹಳೆಯ ಜೀಪ್ ಡ್ರೈವರುಗಳು ಹತ್ತುವ ಗೇರಿನಲ್ಲೇ ಇಳಿಯಬೇಕು ಅನ್ನುವುದು ಇದಕ್ಕೇ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿ ಹಿಡಿದಿರುತ್ತದೆ. ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಟ್ಟರೆ ಸಾಕು, ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಆರಲು ಪುರಸೊತ್ತೇ ಸಿಗುವುದಿಲ್ಲ. ಇನ್ನು ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ನೂ ಆರಿಸಿ ಇಳಿಯುವವರಿದ್ದಾರೆ. ಎಂಜಿನ್ ನಿಂತ ಗಾಡಿಯಲ್ಲಿ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕಿನ ಬೂಸ್ಟರ್ ಬಲ ಮುಗಿದು ಪೆಡಲ್ ಕಲ್ಲಾಗುತ್ತದೆ. ಉಳಿಸಿದ ಪೆಟ್ರೋಲ್ ಯಾರಿಗೆ?

ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ, ಸೀಳಲೂಬಹುದು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕಾಯಿರಿ. (ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕಿ ಮಾರಾಯರೇ, ಹಿಂದೆ ಬೈಕಿನವರು ಬರುತ್ತಿರುತ್ತಾರೆ.)

ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗದ ದಪ್ಪ ಹತ್ತು ಹನ್ನೆರಡು ಮಿಲಿಮೀಟರ್. ಮೂರಕ್ಕೆ ಇಳಿದರೆ ಬದಲಿಸಬೇಕು. ಅನೇಕ ಪ್ಯಾಡುಗಳಲ್ಲಿ ಒಂದು ತಗಡಿನ ನಾಲಿಗೆ ಇರುತ್ತದೆ, ಸವೆತ ಮಿತಿಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕಿರ್ ಎನ್ನುತ್ತದೆ. ಆಗಲೂ ಕೇಳಿಸಿಕೊಳ್ಳದಿದ್ದರೆ ಮುಂದಿನದು ಗರಗರ ಸದ್ದು, ಅಂದರೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತಿದೆ. ಅಲ್ಲಿಗೆ ಪ್ಯಾಡಿನ ಖರ್ಚಿನ ಜೊತೆ ಡಿಸ್ಕಿನ ಖರ್ಚೂ ಬಂತು. ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೇ ಹಾಕಿಸಿ. ಒಂದೇ ಬದಿ ಹೊಸದಾದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಹೊಸ ಪ್ಯಾಡ್ ಹಾಕಿಸಿದ ದಿನವೇ ಘಾಟಿಗೆ ಇಳಿಯುವುದೂ ಬೇಡ, ಡಿಸ್ಕಿಗೆ ಅದು ಹೊಂದಿಕೊಳ್ಳಲು ಕೆಲವು ದಿನ ಊರ ಸುತ್ತಿನ ಓಡಾಟ ಬೇಕು.

ಪ್ಯಾಡ್ ದಪ್ಪಗಿದ್ದರೂ ಬ್ರೇಕ್ ಕೈಕೊಡುವ ಇನ್ನೊಂದು ದಾರಿಯಿದೆ, ಅದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ತೇವಕ್ಕೆ ಬರವೇ? ಹೊಸ ಡಾಟ್ 3 ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ಗೆ. ತೇವ ಹಿಡಿದ ಮೇಲೆ ಆ ಮಿತಿ 140ರ ಆಸುಪಾಸಿಗೆ ಇಳಿಯುತ್ತದೆ. ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ಹೇಳುವುದು ಸುಮ್ಮನೆ ಅಲ್ಲ.

ಮಳೆಗಾಲದ ಕೆಸರು ಮರಳು ಸೇರಿದರೆ ಪ್ಯಾಡ್ ಬೇಗ ಸವೆಯುತ್ತದೆ. ಗಾಡಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನಿಗೆ ತುಕ್ಕು ಹಿಡಿದು ಒಂದು ಪ್ಯಾಡ್ ಮಾತ್ರ ಕರಗಬಹುದು. ಅದಕ್ಕೇ ಹೊರಗಿನಿಂದ ಇಣುಕಿ ಚೆನ್ನಾಗಿದೆ ಎಂದರೆ ನಂಬಬೇಡಿ, ಒಳಬದಿಯ ಪ್ಯಾಡನ್ನೂ ನೋಡಿಸಿ. ಬೈಕಿನ ಪ್ಯಾಡ್ ಇನ್ನೂ ತೆಳು, ಅದರ ಮೇಲಿನ ಸವೆತ ತೋರಿಸುವ ಗೀರು ಮಾಯವಾಗುವ ಮೊದಲೇ ಬದಲಿಸಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ ಹಿಡಿತವೂ ಕಡಿಮೆ.

ಮೇ ತಿಂಗಳಲ್ಲೊಮ್ಮೆ, ಕಾಫಿ ಕೊಯ್ಲಿಗೆ ಪಿಕಪ್ ಭಾರ ಹೊರುವ ಮೊದಲೊಮ್ಮೆ ಚಕ್ರ ಬಿಚ್ಚಿಸಿ ನೋಡಿ. ಮೂರು ಮಿಲಿಮೀಟರ್ ಇಲ್ಲದಿದ್ದರೆ ಮೂಡಿಗೆರೆಯ ಗ್ಯಾರೇಜಿಗೆ ಹೋಗಿ, ಚಾರ್ಮಾಡಿಗೆ ಬೇಡ.