ಟರ್ಬೊ ಒತ್ತಡ ಕುಸಿದಾಗ ದೋಷ ಹುಡುಕುವುದು ಹೇಗೆ?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಸವಳಂಗ ಸಿಗುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಈ ಭಾಗದ ರಸ್ತೆಗಳಲ್ಲಿ ಚೀಲ ಹೇರಿಕೊಂಡ ಲಾರಿ, ಪಿಕಪ್‌ಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಕೆಲವು ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡಿ, ದಿಬ್ಬ ಬಂದೊಡನೆ ಕಪ್ಪು ಹೊಗೆ ಉಗುಳುತ್ತಾ ಬಲಗುಂದುತ್ತವೆ. ‘ಟರ್ಬೊ ಹೋಗಿದೆ, ಬದಲಿಸಿ’ ಎಂಬ ಸಲಹೆ ಆಗ ಸುಲಭವಾಗಿ ಸಿಗುತ್ತದೆ. ಹೊಸ ಟರ್ಬೊ ಎಂದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಆದರೆ ದೋಷ ಒಂದು ಸೀಳಿದ ರಬ್ಬರ್ ಕೊಳವೆಯಲ್ಲಿದ್ದರೆ, ಹೊಸ ಟರ್ಬೊ ಹಾಕಿದ ಮೇಲೂ ಗಾಡಿ ಹಾಗೆಯೇ ಇರುತ್ತದೆ. ಜ್ವರ ರೋಗದ ಲಕ್ಷಣವೇ ಹೊರತು ರೋಗವಲ್ಲ. ಟರ್ಬೊ ಒತ್ತಡ ಕಡಿಮೆಯಾಗುವುದೂ ಹಾಗೆಯೇ. ಮೂಲವನ್ನು ಹುಡುಕಲು ಪ್ರೌಢಶಾಲೆಯ ಅನಿಲ ನಿಯಮಗಳು ಬಹುಮಟ್ಟಿಗೆ ಸಾಕು.

ಟರ್ಬೊ ಮಾಡುವ ಕೆಲಸ

ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲದಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಅದರಿಂದ ಒಂದು ಟರ್ಬೈನ್ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಸಂಪೀಡಕದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲಿ ಪೇಟೆಂಟ್ ಪಡೆದ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಇಂಧನ ಪೂರ್ಣವಾಗಿ ಉರಿಯುತ್ತದೆ.

ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಒತ್ತಡ ಸಿಗುತ್ತದೋ ಅದೇ ‘ಬೂಸ್ಟ್’. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101 ಕಿಲೋಪಾಸ್ಕಲ್. 600 ಮೀಟರ್ ಎತ್ತರದಲ್ಲಿ ಅದು ಸುಮಾರು 94 ಮಾತ್ರ. ಅಲ್ಲಿ ಬೂಸ್ಟ್ 100 ಕಿಲೋಪಾಸ್ಕಲ್ ಇದ್ದರೆ ನಿಜವಾದ, ಅಂದರೆ ನಿರಪೇಕ್ಷ ಒತ್ತಡ 194. ಒತ್ತಡದ ಅನುಪಾತ ಸುಮಾರು 2.06.

ಹಾಗೆಂದು ಗಾಳಿಯೂ 2.06 ಪಟ್ಟು ತುಂಬುವುದಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಬಲ್ಲಿರಿ. ಸಂಪೀಡಕದ ದಕ್ಷತೆ ಶೇ. 70 ಎಂದುಕೊಂಡರೆ, 32 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಸುಮಾರು 132 ಡಿಗ್ರಿಗೆ ಏರುತ್ತದೆ. ಆಗ ಸಾಂದ್ರತೆ ಹೆಚ್ಚುವುದು ಕೇವಲ 1.55 ಪಟ್ಟು. ಇಂಟರ್‌ಕೂಲರ್ ಅದನ್ನು 50 ಡಿಗ್ರಿಗೆ ತಣಿಸಿದರೆ ಸಾಂದ್ರತೆ 1.94 ಪಟ್ಟಾಗುತ್ತದೆ. ಆದ್ದರಿಂದ ಕೆಸರು ಮೆತ್ತಿದ ಇಂಟರ್‌ಕೂಲರ್ ಕೂಡ, ಮಾಪಕದಲ್ಲಿ ಒತ್ತಡ ಸರಿಯಾಗಿದ್ದರೂ, ಎಂಜಿನ್ನಿನ ಬಲ ಕುಂದಿಸಬಲ್ಲುದು.

ಮೊದಲು ಮಾಪಕವನ್ನೇ ಪರೀಕ್ಷಿಸಿ

ಇಂದಿನ ವಾಹನಗಳಲ್ಲಿ ಒತ್ತಡ ಸಂವೇದಕವಿದ್ದು, ಸ್ಕ್ಯಾನರ್ ಯಂತ್ರದಲ್ಲಿ ಅದರ ಅಳತೆಯನ್ನು ಓದಬಹುದು. ಎಂಜಿನ್ ನಿಂತಿರುವಾಗ ಕೀಲಿ ಮಾತ್ರ ತಿರುಗಿಸಿ ನೋಡಿ. ಸಂವೇದಕ ಆಗ ವಾತಾವರಣದ ಒತ್ತಡವನ್ನೇ, ಅಂದರೆ ಸವಳಂಗದ ಸುತ್ತಮುತ್ತ 94ರ ಆಸುಪಾಸು ತೋರಿಸಬೇಕು. 75 ಅಥವಾ 115 ತೋರಿಸಿದರೆ ದೋಷ ಸಂವೇದಕದಲ್ಲಿ ಅಥವಾ ಅದರ ವೈರಿನಲ್ಲಿದೆ. ನಿರಪೇಕ್ಷ ಒತ್ತಡಕ್ಕೂ ಗೇಜ್ ಒತ್ತಡಕ್ಕೂ ಇರುವ ಅಂತರವನ್ನು ಮರೆತರೆ ಇಲ್ಲಿಯೇ ಎಡವುತ್ತೇವೆ.

ಗಾಳಿಯ ಹಾದಿ ಹಿಡಿದು

ಇನ್ನು ಗಾಳಿ ಒಳಬರುವ ಕ್ರಮದಲ್ಲೇ ಪರೀಕ್ಷೆ ನಡೆಯಲಿ. ಮೊದಲನೆಯದು ಗಾಳಿ ಸೋಸುಕ. ಸುಗ್ಗಿಯ ಧೂಳು, ಹೊಟ್ಟು ಅದನ್ನು ಬೇಗ ಕಟ್ಟಿಸುತ್ತವೆ. ಸೋಸುಕದಲ್ಲಿ 6 ಕಿಲೋಪಾಸ್ಕಲ್ ನಷ್ಟವಾಗಿ ಸಂಪೀಡಕಕ್ಕೆ 94ರ ಬದಲು 88 ಸಿಕ್ಕಿತೆನ್ನಿ. ಅದೇ 2.06ರ ಅನುಪಾತದಲ್ಲಿ ಹೊರಬರುವುದು ಸುಮಾರು 181. ಅಂದರೆ 13 ಕಿಲೋಪಾಸ್ಕಲ್ ನಷ್ಟ. ಬಾಗಿಲಲ್ಲಿ ಆದ ನಷ್ಟ ಒಳಗೆ ಇಮ್ಮಡಿಯಾಯಿತು.

ಎರಡನೆಯದು ಸಂಪೀಡಕದಿಂದ ಎಂಜಿನ್‌ವರೆಗಿನ ಕೊಳವೆ, ಕ್ಲಿಪ್ಪು ಮತ್ತು ಇಂಟರ್‌ಕೂಲರ್. ಇಲ್ಲಿ 10 ಮಿಲಿಮೀಟರ್ ವ್ಯಾಸದ ತೂತು ಬಿದ್ದರೆ? ಒಳಗಿನ ಒತ್ತಡ ಹೊರಗಿನದಕ್ಕಿಂತ 1.9 ಪಟ್ಟಿಗೂ ಹೆಚ್ಚಿದ್ದಾಗ ಗಾಳಿ ತೂತಿನಲ್ಲಿ ಶಬ್ದದ ವೇಗದಲ್ಲಿ ನುಗ್ಗುತ್ತದೆ. ನಮ್ಮ ಉದಾಹರಣೆಯಲ್ಲಿ ಸೆಕೆಂಡಿಗೆ ಸುಮಾರು 24 ಗ್ರಾಂ ಗಾಳಿ ಸೋರುತ್ತದೆ. 2 ಲೀಟರಿನ ಎಂಜಿನ್ ನಿಮಿಷಕ್ಕೆ 2500 ಸುತ್ತಿನಲ್ಲಿ ಸೆಕೆಂಡಿಗೆ ಎಳೆದುಕೊಳ್ಳುವುದೇ ಸುಮಾರು 80 ಗ್ರಾಂ! ಸುಮ್ಮನೆ ಚಾಲೂ ಇಟ್ಟಾಗ ಬೂಸ್ಟ್ ಇಲ್ಲದಿರುವುದರಿಂದ ಸೋರಿಕೆಯೂ ಕಾಣದು. ದೋಷ ದಿಬ್ಬದಲ್ಲಿ ಮಾತ್ರ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ಹೊಸದರಲ್ಲಿ ಗಣಕವೇ ಇಂಧನವನ್ನು ಕಡಿತಗೊಳಿಸುವುದರಿಂದ ಹೊಗೆಯಿಲ್ಲದೆ ಬಲ ಮಾತ್ರ ಕುಂದಬಹುದು.

ಪಂಕ್ಚರ್ ಅಂಗಡಿಯ ವಿಧಾನವೇ ಇಲ್ಲಿ ಉಪಯುಕ್ತ. ಎಂಜಿನ್ ನಿಲ್ಲಿಸಿ, ಟರ್ಬೊದ ಒಳಬಾಯಿಗೆ ಬಿರಡೆ ಹಾಕಿ, ನಿಯಂತ್ರಕದ ಮೂಲಕ ಅಲ್ಪ ಒತ್ತಡದ ಗಾಳಿ ಬಿಟ್ಟು ಕೀಲುಗಳಿಗೆ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಎದ್ದಲ್ಲಿ ಸೋರಿಕೆ. ಒತ್ತಡ ವಾಹನದ ಸಾಮಾನ್ಯ ಬೂಸ್ಟನ್ನು ಮೀರಬಾರದು. ಬಿರಡೆಯ ಎದುರು ಯಾರೂ ನಿಲ್ಲಬಾರದು.

ಮೂರನೆಯದು ಬೂಸ್ಟನ್ನು ನಿಯಂತ್ರಿಸುವ ಕವಾಟ. ಇದರಲ್ಲಿ ಎರಡು ಬಗೆ. ಬೂಸ್ಟ್ ಒತ್ತಡದಿಂದಲೇ ತೆರೆಯುವ ಕವಾಟದ ಸಣ್ಣ ಕೊಳವೆ ಕಿತ್ತುಹೋದರೆ ಕವಾಟ ತೆರೆಯದೆ ಬೂಸ್ಟ್ ಅಪಾಯಕರವಾಗಿ ಏರುತ್ತದೆ. ನಿರ್ವಾತದಿಂದ ಕೆಲಸಮಾಡುವ ಬಗೆಯಲ್ಲಿ ಕೊಳವೆ ಸೀಳಿದರೆ ಬೂಸ್ಟ್ ಇಳಿಯುತ್ತದೆ. ಹಾಗಾಗಿ ನಿಮ್ಮ ವಾಹನದಲ್ಲಿರುವುದು ಯಾವ ಬಗೆ ಎಂದು ತಿಳಿಯದೆ ನಿರ್ಧಾರ ಸಲ್ಲದು. ಕೈ ನಿರ್ವಾತ ಪಂಪಿನಿಂದ ಎಳೆದಾಗ ದಂಡ ಸರಾಗವಾಗಿ ಚಲಿಸಿ, ಮುಳ್ಳು ಇಳಿಯದೆ ನಿಂತರೆ ಪೊರೆ ಸರಿಯಾಗಿದೆ.

ನಾಲ್ಕನೆಯದು ಹೊಗೆಯ ಹಾದಿ. ಟರ್ಬೈನ್‌ಗೆ ಮುಂಚೆಯೇ ಕೊಳವೆ ಬಿರಿದಿದ್ದರೆ ಶಕ್ತಿ ಅಲ್ಲೇ ಪೋಲು. ಟರ್ಬೈನ್ ನಂತರದ ಹಾದಿ ಮಸಿಯಿಂದ ಕಟ್ಟಿದರೆ ಎರಡೂ ಬದಿಯ ಒತ್ತಡದ ವ್ಯತ್ಯಾಸ ತಗ್ಗಿ ಚಕ್ರ ನಿಧಾನವಾಗುತ್ತದೆ. ಭಾರತದಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಸೋಸುಕ ಸಾಮಾನ್ಯವಾಗಿದೆ, ಅದನ್ನೂ ಪರೀಕ್ಷಿಸಬೇಕು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಟರ್ಬೊವನ್ನು ಬಿಚ್ಚಬೇಕು. 50 ಮಿಲಿಮೀಟರಿನ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 390 ಮೀಟರ್, ಶಬ್ದಕ್ಕಿಂತ ಹೆಚ್ಚು! ಅಂಥಲ್ಲಿ ರೆಕ್ಕೆಯ ಅಂಚು ಮುಕ್ಕಾಗಿದ್ದರೆ, ಚಕ್ರ ಗೋಡೆಗೆ ಉಜ್ಜಿದ ಗುರುತಿದ್ದರೆ, ಟರ್ಬೊ ನಿಜವಾಗಿಯೂ ಕೆಟ್ಟಿದೆ. ಹಾಗಾದಾಗಲೂ ಕಾರಣ ಕೊಳಕು ಎಣ್ಣೆಯೋ ಹರಿದ ಸೋಸುಕವೋ ಎಂದು ತಿಳಿಯದೆ ಹೊಸದನ್ನು ಕೂರಿಸಬಾರದು.

ಎರಡು ಟರ್ಬೊ ಇದ್ದರೆ

ಎರಡು ಟರ್ಬೊಗಳ ಜೋಡಣೆಯಲ್ಲಿ ಮುಖ್ಯವಾಗಿ ಎರಡು ಕ್ರಮಗಳಿವೆ. ಮೊದಲನೆಯದು ಸಮಾಂತರ: ಟೊಯೋಟ ಲ್ಯಾಂಡ್ ಕ್ರೂಸರ್ 200 ಸರಣಿಯ ವಿ-8 ಡೀಸೆಲ್ ಎಂಜಿನ್ನಿನಂತೆ, ಸಿಲಿಂಡರುಗಳ ಪ್ರತಿ ಸಾಲಿಗೆ ಒಂದು ಟರ್ಬೊ. ಎರಡರ ಗಾಳಿಯೂ ಕೊನೆಗೆ ಒಂದೆಡೆ ಸೇರುವುದರಿಂದ ಅಲ್ಲಿಯ ಮಾಪಕ ಯಾವುದು ಸೋತಿದೆ ಎಂದು ಹೇಳದು. ಆದರೆ ಒಂದು ಅನುಕೂಲವಿದೆ: ಒಂದು ಬದಿ ಇನ್ನೊಂದಕ್ಕೆ ಹೋಲಿಕೆಯ ಮಾನದಂಡವಾಗುತ್ತದೆ. ಎರಡೂ ಬದಿಯ ಹೊರಕೊಳವೆಯ ಉಷ್ಣತೆ, ಕವಾಟದ ಚಲನೆ ಅಳೆದು ಹೋಲಿಸಿ. ವ್ಯತ್ಯಾಸ ಕಂಡರೆ ಅಲ್ಲಿಂದ ಹುಡುಕಾಟ ಆರಂಭಿಸಿ. ಎರಡೂ ಒಂದೇ ರೀತಿ ಇದ್ದು ಬೂಸ್ಟ್ ಕಡಿಮೆಯಿದ್ದರೆ ಕಾರಣ ಎರಡಕ್ಕೂ ಸಾಮಾನ್ಯವಾದ ಭಾಗದಲ್ಲಿರಬಹುದು.

ಎರಡನೆಯದು ಅನುಕ್ರಮ: ಕಡಿಮೆ ವೇಗದಲ್ಲಿ ಚಿಕ್ಕ ಟರ್ಬೊ, ಹೆಚ್ಚು ವೇಗದಲ್ಲಿ ದೊಡ್ಡದು. ಇಲ್ಲಿ ಎಂಜಿನ್ ವೇಗಕ್ಕೆ ಎದುರಾಗಿ ಬೂಸ್ಟಿನ ನಕ್ಷೆ ಬರೆಯಿರಿ. ಕೆಳವೇಗದಲ್ಲಿ ಮಾತ್ರ ಕೊರತೆಯಿದ್ದರೆ ಚಿಕ್ಕದರ ಮೇಲೆ ಅಥವಾ ತೆರೆದೇ ಉಳಿದ ಬದಲಾವಣೆ ಕವಾಟದ ಮೇಲೆ ಅನುಮಾನ; ಮೇಲ್ವೇಗದಲ್ಲಿ ಮಾತ್ರವಾದರೆ ದೊಡ್ಡದರ ಮೇಲೆ ಅಥವಾ ತೆರೆಯದ ಕವಾಟದ ಮೇಲೆ; ಎಲ್ಲೆಡೆಯೂ ಆದರೆ ಸೋರಿಕೆಯ ಮೇಲೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ಬಳಸಬಹುದು. ಟೈರಿನ ಒತ್ತಡಮಾಪಕ ಮೇಜಿನ ಮೇಲಿದ್ದಾಗ ಸೊನ್ನೆ ತೋರಿಸುತ್ತದೆ. ಹಾಗಾದರೆ ಕೋಣೆಯಲ್ಲಿ ಒತ್ತಡವೇ ಇಲ್ಲವೇ ಎಂದು ಕೇಳಿ. ನಂತರ ಸೋರುವ ಸೈಕಲ್ ಟ್ಯೂಬ್ ಕೊಟ್ಟು, ನೋಡಿ ಊಹಿಸುವ ಬದಲು ಅಳೆದು ಹುಡುಕಲು ಹೇಳಿ. ಮುಂದೆ ಗ್ಯಾರೇಜಿನಲ್ಲಿ ನಿಲ್ಲುವ ವಿದ್ಯಾರ್ಥಿಗೂ, ಲಾರಿಯ ಸಾಲ ತೀರಿಸುತ್ತಿರುವ ಅವನ ತಂದೆಗೂ ಈ ಅಭ್ಯಾಸದಿಂದ ಉಪಯೋಗವಿದೆ.