ಪರ್ವತದ ಗೋಮಾಳ

ಉತ್ತರ ಅಮೆರಿಕದ ರಾಕಿ ಪರ್ವತಶ್ರೇಣಿಯ ಮಡಿಲಲ್ಲಿ, ಕೊಲೊರಾಡೊ ರಾಜ್ಯಕ್ಕೆ ಸೇರಿದ ಸೌತ್ ಪಾರ್ಕ್ ಎಂಬ ವಿಶಾಲವಾದ ಹುಲ್ಲುಬಯಲೊಂದಿದೆ. ಅದು ಸಮುದ್ರಮಟ್ಟದಿಂದ ಸುಮಾರು 3000 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ರೈತರು ದನಗಳನ್ನು ಸಾಕುವುದು ಮಾಂಸಕ್ಕಾಗಿ. ಹಾಲಿನ ಆದಾಯ ಅವರಿಗಿಲ್ಲ. ಹಸು ವರ್ಷಕ್ಕೊಂದು ಕರುವನ್ನು ಈಯಬೇಕು, ಆ ಕರು ಬದುಕಿ ಬೆಳೆಯಬೇಕು. ಆಗಲೇ ಅವರ ಬಾಳು ಸಾಗುವುದು. ಗಬ್ಬವಾಗದ ಹಸುವಾದರೋ ಹಿಮ ಮುಸುಕಿದ ಚಳಿಗಾಲವಿಡೀ ಕೂಡಿಟ್ಟ ಒಣಹುಲ್ಲನ್ನು ಮೇದು ತೀರಿಸುತ್ತದೆ.

ಈ ಬಯಲುಗಳಿಗೆ ಬಂದ ಹೆರ್‌ಫರ್ಡ್, ಆಂಗಸ್ ಮೊದಲಾದ ತಳಿಗಳ ಮೂಲನೆಲೆ ಬ್ರಿಟನ್ನಿನ ತಗ್ಗುನಾಡು. ಮೇಲುನಾಡಿನ ಗಾಳಿ ಅವುಗಳಿಗೆ ಒಗ್ಗಲಿಲ್ಲ. ಬಯಲುಸೀಮೆಯಿಂದ ಹೆಚ್ಚು ಬೆಲೆ ತೆತ್ತು ತಂದ ಹೋರಿ ಕೆಲವೇ ವಾರಗಳಲ್ಲಿ ಸೊರಗುತ್ತಿತ್ತು. ಅದರ ಎದೆಯ ಮುಂಭಾಗವೂ ಗಂಗೆದೊಗಲೂ ನೀರು ತುಂಬಿ ಊದಿಕೊಳ್ಳುತ್ತಿದ್ದವು. ಗ್ಲೋವರ್ ಮತ್ತು ನ್ಯೂಸಮ್ ಎಂಬ ವಿಜ್ಞಾನಿಗಳು 1915ರಲ್ಲಿ ಈ ರೋಗವನ್ನು ವಿವರಿಸಿ, ಎತ್ತರಕ್ಕೂ ಇದಕ್ಕೂ ಇರುವ ನಂಟನ್ನು ತಿಳಿಸಿದರು. ಬ್ರಿಸ್ಕೆಟ್ ರೋಗವೆಂದು ಇದಕ್ಕೆ ಹೆಸರು.

ಎತ್ತರಕ್ಕೆ ಏರಿದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕುಗ್ಗುವುದೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಪಾಲು ಅಲ್ಲಿಯೂ ಶೇಕಡ 21. ಕುಗ್ಗುವುದು ಗಾಳಿಯ ಒತ್ತಡ. 3000 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಶೇಕಡ 70ರಷ್ಟು ಮಾತ್ರ. ಆದ್ದರಿಂದ ಪ್ರತಿಯೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕ ಕಡಿಮೆ. ಶ್ವಾಸಕೋಶದ ಯಾವುದಾದರೂ ಒಂದು ಭಾಗಕ್ಕೆ ಗಾಳಿ ಸಾಲದೆ ಹೋದರೆ ಅಲ್ಲಿಯ ಸಣ್ಣ ರಕ್ತನಾಳಗಳು ಕುಗ್ಗಿ, ರಕ್ತವನ್ನು ಗಾಳಿಯಿರುವ ಕಡೆಗೆ ತಿರುಗಿಸುತ್ತವೆ. ಇದು ದೇಹದ ಜಾಣತನವೇ ಸರಿ. ಆದರೆ ಪರ್ವತದ ಮೇಲೆ ಇಡೀ ಶ್ವಾಸಕೋಶಕ್ಕೇ ಆಮ್ಲಜನಕ ಸಾಲದು. ಎಲ್ಲ ನಾಳಗಳೂ ಒಟ್ಟಿಗೆ ಕುಗ್ಗುತ್ತವೆ. ದನಗಳಲ್ಲಿ ಈ ನಾಳಗಳ ಗೋಡೆ ದಪ್ಪವಾಗಿರುವುದರಿಂದ ಬಿಗಿತವೂ ಹೆಚ್ಚು. ಅವುಗಳೊಳಗೆ ರಕ್ತವನ್ನು ನೂಕಿ ನೂಕಿ ಹೃದಯದ ಬಲಭಾಗ ಬಳಲುತ್ತದೆ. ಹಿಮಾಲಯದ ಯಾಕ್‌ಗೆ ಈ ಕಷ್ಟವಿಲ್ಲ. ಅದರ ನಾಳಗಳ ಗೋಡೆ ತೆಳುವು.

ಏದುಸಿರು ಬಿಡುವ ಹೋರಿ ವಿಸ್ತಾರವಾದ ಬಯಲಿನಲ್ಲಿ ಬೆದೆಗೆ ಬಂದ ಹಸುಗಳನ್ನು ಅರಸಿ ಅಲೆಯಲಾರದು. ಆದರೆ ಸಂತಾನ ಕುಂದುವುದಕ್ಕೆ ಗಾಳಿಯೊಂದನ್ನೇ ದೂರುವುದು ತರವಲ್ಲ. ಹಸುವಿನ ಗರ್ಭಾವಧಿ ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕಾದರೆ ಈದ 82 ದಿನಗಳೊಳಗೆ ಅದು ಮತ್ತೆ ಗಬ್ಬವಾಗಬೇಕು. ವಸಂತದಲ್ಲಿ ಈದ ಹಸುವಿಗೆ ಹಸಿರು ಹುಲ್ಲು ಇನ್ನೂ ಎಟುಕಿರುವುದಿಲ್ಲ. ಎಳೆಗರುವೋ ಕೆಚ್ಚಲನ್ನು ಬಿಡದು. ಚಳಿಗಾಲದಲ್ಲಿ ಬಡಕಲಾದ ಹಸು ತಡವಾಗಿ ಬೆದೆಗೆ ಬರುತ್ತದೆ. ಚೊಚ್ಚಲು ಹಸುಗಳ ಪಾಡಂತೂ ಇನ್ನೂ ಕಷ್ಟ.

ನೆಲದ ಗುಣವೂ ಇದರಲ್ಲಿ ಕೈಹಾಕುತ್ತದೆ. ಕೊಲೊರಾಡೊದ ಈ ಪರ್ವತಗಳಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಹೇರಳ. ಲೆಡ್‌ವಿಲ್ ಪಟ್ಟಣದ ಬಳಿಯ ಕ್ಲೈಮ್ಯಾಕ್ಸ್ ಗಣಿ ಅದಕ್ಕೇ ಹೆಸರಾದುದು. ಮೇವಿನಲ್ಲಿ ಈ ಲೋಹ ಮಿತಿಮೀರಿದರೆ ದನದ ಹೊಟ್ಟೆಯಲ್ಲಿ ತಾಮ್ರವನ್ನು ಹಿಡಿದಿಟ್ಟು ಮೈಗೆ ಹತ್ತಗೊಡದು. ತಾಮ್ರ ಸಾಲದಾದಾಗ ಕರಿಯ ದನದ ಮೈ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಗರ್ಭಧಾರಣೆ ಕುಂಠಿತವಾಗುತ್ತದೆ. ಇದಕ್ಕೆ ಪರಿಹಾರ ಸುಲಭ: ನೆಕ್ಕುವ ಉಪ್ಪಿನಲ್ಲಿ ತಾಮ್ರವನ್ನು ಬೆರೆಸಿ ಇಡುತ್ತಾರೆ. ಲೋಕೋ ಎಂಬ ಕಳೆಯ ಕಾಟ ಅಷ್ಟು ಸುಲಭವಾಗಿ ನೀಗುವುದಿಲ್ಲ. ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಈ ಗಿಡದ ಹೂ ನೋಡಲು ಅಂದ. ಗಿಡದೊಳಗೆ ವಾಸಿಸುವ ಶಿಲೀಂಧ್ರವೊಂದು ಅದರಲ್ಲಿ ವಿಷವನ್ನು ತುಂಬುತ್ತದೆ. ಅದನ್ನು ಮೇದ ಹಸುಗಳು ಕಂದುಹಾಕುತ್ತವೆ. ಎತ್ತರದ ಬಯಲಿನಲ್ಲಿ ಬ್ರಿಸ್ಕೆಟ್ ರೋಗವೂ ಉಲ್ಬಣಿಸುತ್ತದೆ.

ಹೋರಿಯ ಮೈಕಟ್ಟನ್ನು ನೋಡಿ ಅದರ ಹೃದಯದ ಬಲವನ್ನು ಅಳೆಯಲಾಗದು. ಆದ್ದರಿಂದ ಪಶುವೈದ್ಯರು ಕೊರಳಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ತೂರಿಸಿ, ಹೃದಯದ ಬಲಭಾಗವನ್ನು ದಾಟಿಸಿ, ಶ್ವಾಸಕೋಶದ ಧಮನಿಯಲ್ಲಿರುವ ಒತ್ತಡವನ್ನು ಅಳೆಯುತ್ತಾರೆ. ಪಾದರಸದ 41 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಹೋರಿ ಪರ್ವತಕ್ಕೆ ಯೋಗ್ಯ. 49ನ್ನು ಮೀರಿದರೆ ಅದನ್ನು ತಳಿಗೆ ಬಳಸುವುದಿಲ್ಲ. ಈ ಗುಣ ವಂಶದಲ್ಲಿ ಇಳಿದು ಬರುವುದರಿಂದ ಹೋರಿಯ ದೋಷ ಕರುಗಳಿಗೂ ತಟ್ಟುತ್ತದೆ. ತಗ್ಗಿನಲ್ಲಿ ಮಾಡಿದ ಪರೀಕ್ಷೆ ನೆಚ್ಚತಕ್ಕದ್ದಲ್ಲ. ಕೆಲವು ವಾರಗಳಾದರೂ ಎತ್ತರದಲ್ಲಿಟ್ಟು ಅಳೆಯಬೇಕು. ಇಂದು ಆ ಸೀಮೆಯಲ್ಲಿ ಹೋರಿಗಳನ್ನು ಮಾರುವವರು ವಂಶ, ವಯಸ್ಸು, ತೂಕಗಳ ಪಕ್ಕದಲ್ಲಿ ಈ ಒಂದು ಸಂಖ್ಯೆಯನ್ನೂ ಕೊಳ್ಳುವವರಿಗೆ ತೋರಿಸುತ್ತಾರೆ.