ಚಿನ್ನದ ಗಣಿಯಲ್ಲಿ ಪ್ರೋಟಾನಿನ ಸಾವಿಗೆ ಕಾದವರು

ಪ್ರಕೃತಿಯ ಮೂಲ ಬಲಗಳು ನಾಲ್ಕು: ಗುರುತ್ವ, ವಿದ್ಯುತ್ಕಾಂತ ಬಲ, ಪರಮಾಣು ಬೀಜದೊಳಗೆ ಕೆಲಸ ಮಾಡುವ ಪ್ರಬಲ ಬಲ ಮತ್ತು ದುರ್ಬಲ ಬಲ. ಇವೆಲ್ಲಕ್ಕೂ ಬೇರು ಒಂದೇ ಇರಬೇಕೆಂಬುದು ಭೌತವಿಜ್ಞಾನಿಗಳ ಹಳೆಯ ಗುಮಾನಿ. ವಿದ್ಯುತ್ತನ್ನೂ ಕಾಂತತ್ವವನ್ನೂ 19ನೇ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ಒಂದುಗೂಡಿಸಿದ. ಅದಕ್ಕೆ ದುರ್ಬಲ ಬಲವನ್ನು ಹೊಸೆದ ಗ್ಲಾಶೋ, ಸಲಾಂ, ವೈನ್‌ಬರ್ಗ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಪ್ರಬಲ ಬಲವನ್ನೂ ಅದೇ ಹುರಿಗೆ ಸೇರಿಸುವ ‘ಮಹಾ ಏಕೀಕರಣ’ದ ಸಿದ್ಧಾಂತವೊಂದನ್ನು ಜಾರ್ಜಿ ಮತ್ತು ಗ್ಲಾಶೋ 1974ರಲ್ಲಿ ಮುಂದಿಟ್ಟರು. ಗುರುತ್ವ ಮಾತ್ರ ಇಂದಿಗೂ ಹೊರಗೇ ಉಳಿದಿದೆ.

ಮೂರು ಬಲಗಳು ಒಂದಾಗುವಷ್ಟು ಶಕ್ತಿ ಯಾವ ಯಂತ್ರದಲ್ಲೂ ಸಿಗದು. ಆದರೆ ಸಿದ್ಧಾಂತ ನಿಜವಾಗಿದ್ದರೆ, ಚಿರಂಜೀವಿ ಎಂದು ನಂಬಿದ್ದ ಪ್ರೋಟಾನು ಕೂಡ ಒಂದು ದಿನ ಸಾಯಬೇಕು. ಸಿದ್ಧಾಂತದ ಪ್ರಕಾರ ಅದರ ಸರಾಸರಿ ಆಯಸ್ಸು 1ರ ಮುಂದೆ ಸುಮಾರು 30 ಸೊನ್ನೆ ಬರೆದಷ್ಟು ವರ್ಷ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ! ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯಲಾಗದು. ಅಷ್ಟು ಪ್ರೋಟಾನುಗಳನ್ನು ಒಂದೆಡೆ ಗುಡ್ಡೆ ಹಾಕಿದರೆ ಕೆಲವೇ ವರ್ಷ ಕಾದರೂ ನಡೆದೀತು.

ಗುಡ್ಡೆ ಬಿದ್ದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ವಿಜ್ಞಾನಿಗಳಿಗೆ ಬೇಕಾದದ್ದು ಚಿನ್ನವಲ್ಲ, ಆಳ. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳನ್ನು ಬಂಡೆಯೇ ಸೋಸಬೇಕಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1950ರ ದಶಕದಿಂದಲೇ ಈ ಗಣಿಗಿಳಿದು ಕಿರಣಗಳನ್ನು ಅಳೆಯುತ್ತಿದ್ದರು. 1965ರಲ್ಲಿ ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆಗೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳನ್ನು ಇಲ್ಲೇ ಪತ್ತೆ ಹಚ್ಚಿದರು.

1980ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, 140 ಟನ್ನಿನ ಕಬ್ಬಿಣದ ಉಪಕರಣ ಎದ್ದು ನಿಂತಿತು. ಉದ್ದ 6 ಮೀಟರ್, ಅಗಲ 4 ಮೀಟರ್. ಅನಿಲ ತುಂಬಿದ ಚೌಕ ಕೊಳವೆಗಳ 34 ಪದರ, ನಡುನಡುವೆ ಕಬ್ಬಿಣದ ತಗಡು. ಒಂದು ಪದರ ಅಡ್ಡ, ಮೇಲಿನದು ಉದ್ದ, ಚಾಪೆಯ ನೇಯ್ಗೆಯಂತೆ. ಪ್ರೋಟಾನು ಒಡೆದರೆ ಚೂರುಗಳು ಎದುರುಬದುರಾಗಿ ಸಿಡಿದು, ಹಾದುಹೋದ ಕೊಳವೆಗಳಲ್ಲಿ ವಿದ್ಯುತ್ ಮಿಡಿತ ಎಬ್ಬಿಸುತ್ತವೆ. ಜಾಡು ಒಳಗೇ ಹುಟ್ಟಿ ಒಳಗೇ ಮುಗಿದಿರಬೇಕು. ಹೊರಗಿಂದ ಬಂದ ಗುರುತಿದ್ದರೆ ಅದು ಲೆಕ್ಕಕ್ಕಿಲ್ಲ.

ಅಂಥ ಕೆಲವು ಜಾಡುಗಳು ಸಿಕ್ಕವು. 1980ರ ದಶಕದ ಆರಂಭದಲ್ಲಿ ಕೋಲಾರದ ತಂಡ ಅವನ್ನು ಪ್ರಕಟಿಸಿದಾಗ ಜಗತ್ತು ಕಿವಿ ನಿಮಿರಿಸಿತು. ತೊಡಕು ಬಂದದ್ದು ಹಳೆಯ ಗೆಳೆಯನಿಂದ. ಎಷ್ಟು ದಪ್ಪದ ಬಂಡೆಗೂ ಬಗ್ಗದ ನ್ಯೂಟ್ರಿನೊ, ಕಬ್ಬಿಣದೊಳಗೆ ಡಿಕ್ಕಿ ಹೊಡೆದು, ಥೇಟ್ ಪ್ರೋಟಾನಿನ ಸಾವಿನಂಥದೇ ಜಾಡು ಬಿಡಬಲ್ಲದು. ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿ ಸಾವಿರಾರು ಟನ್ ನೀರು ತುಂಬಿ ಕಾದವರಿಗೂ ಪ್ರೋಟಾನಿನ ಸಾವು ಕಾಣಲಿಲ್ಲ. ಜಾರ್ಜಿ–ಗ್ಲಾಶೋ ಸಿದ್ಧಾಂತದ ಸರಳ ರೂಪ ಅಲ್ಲಿಗೆ ಬಿದ್ದುಹೋಯಿತು. ಜಪಾನಿನ ಸೂಪರ್ ಕಾಮಿಯೊಕಾಂಡೆ 1996ರಿಂದ 50,000 ಟನ್ ನೀರಿಟ್ಟು ಕಾಯುತ್ತಿದೆ. ಪ್ರೋಟಾನಿನ ಆಯಸ್ಸು 1ರ ಮುಂದೆ 34 ಸೊನ್ನೆಗಿಂತ ಹೆಚ್ಚು ವರ್ಷ ಎಂದಷ್ಟೇ ಅದು ಹೇಳಬಲ್ಲದು.

ಕೋಲಾರದ ಪ್ರಯೋಗ 1990ರ ದಶಕದ ಆರಂಭಕ್ಕೆ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು.